ಅಲೀಪುರದ ಕೈಮಾತು ಬೆಂಗಳೂರಿಗೆ ತಿಳಿಯದು

ಗೌರಿಬಿದನೂರು: ಕಿವುಡರ ಕೈಸನ್ನೆ ಲೋಕಕ್ಕೆಲ್ಲಾ ಒಂದೇ ಅಂತ ಬಹಳ ಜನ ತಿಳಿದಿದ್ದಾರೆ. ಹೊಟ್ಟೆ ಮುಟ್ಟಿಕೊಂಡರೆ ಹಸಿವು, ಹೆಬ್ಬೆರಳು ಬಾಯಿಗೆ ಹಿಡಿದರೆ ನೀರು, ಇದಕ್ಕೆಂಥ ಭಾಷೆ ಎನ್ನುತ್ತಾರೆ. ಹಾಗೆನ್ನುವವರು ಬಹಳ ದೂರ ಹೋಗಬೇಕಿಲ್ಲ. ಇದೇ ತಾಲ್ಲೂಕಿನ ಅಲೀಪುರಕ್ಕೆ ಹೋಗಿ ನೋಡಿದರೆ ಸಾಕು.

ಹುಟ್ಟು ಕಿವುಡರು ಸಾಮಾನ್ಯವಾಗಿ ಸಾವಿರ ಮಕ್ಕಳಿಗೆ ಒಬ್ಬರೋ ಇಬ್ಬರೋ. ಅಲೀಪುರದಲ್ಲಿ ಅದರ ಹಲವು ಪಟ್ಟು. 2012ರಲ್ಲಿ ಪ್ರಕಟವಾದ ಅಧ್ಯಯನವೊಂದು ಇಲ್ಲಿನ ಕಿವುಡರ ಸಂಖ್ಯೆಯನ್ನು ಸುಮಾರು 150 ಎಂದು ಕೊಟ್ಟಿದೆ. ತಲೆಮಾರಿನಿಂದ ಸಂಬಂಧದಲ್ಲೇ ಮದುವೆಯಾಗುತ್ತಾ ಬಂದದ್ದು ಇದಕ್ಕೆ ಕಾರಣ. ಸೋದರಿಕೆ ಸಂಬಂಧ ನಮ್ಮ ಕಡೆ ಎಷ್ಟೋ ಜಾತಿಗಳಲ್ಲಿ ಉಂಟು, ಅಲೀಪುರದ ಮುಸ್ಲಿಮರನ್ನು ಮಾತ್ರ ಬೊಟ್ಟು ಮಾಡಿ ತೋರಿಸುವ ಹಾಗಿಲ್ಲ.

ಕಿವುಡರು ಹೆಚ್ಚಿರುವುದು ಈ ಊರಿನ ವಿಶೇಷವಲ್ಲ. ಕಿವಿ ಕೇಳುವವರೂ ಅವರ ಮಾತು ಕಲಿತಿರುವುದು ವಿಶೇಷ. ಮನೆಯಲ್ಲೋ ನೆರೆಯಲ್ಲೋ ಕಿವುಡರು ಇದ್ದೇ ಇರುವುದರಿಂದ ಮಕ್ಕಳಿಗೆ ಬಾಯಿಮಾತಿನ ಜೊತೆ ಕೈಮಾತೂ ಬರುತ್ತದೆ. ‘ಮೂಗ ಕಂಡ ಕನಸು’ ಎಂಬ ಗಾದೆ ನಮ್ಮದು. ಕನಸು ಕಂಡರೂ ಹೇಳಲಾರ ಎಂದು ಅರ್ಥ. ಅಲೀಪುರದಲ್ಲಿ ಆ ಗಾದೆ ನಡೆಯೋದಿಲ್ಲ. ಅಲ್ಲಿ ಕಿವುಡ ತನ್ನ ಕನಸನ್ನು ಹೇಳುತ್ತಾನೆ, ಬೀದಿಯವರು ಕೇಳುತ್ತಾರೆ, ಅಲ್ಲಲ್ಲ, ನೋಡುತ್ತಾರೆ.

ಸ್ವತಃ ಕಿವುಡರಾದ ಭಾಷಾ ಸಂಶೋಧಕ ಸಿಬಾಜಿ ಪಾಂಡಾ ಇಲ್ಲಿಗೆ ಬಂದು ಈ ಮಾತನ್ನು ಅಭ್ಯಾಸ ಮಾಡಿದರು. ಇದು ಬೆಂಗಳೂರು, ದೆಹಲಿ ಕಿವುಡರ ಭಾರತೀಯ ಸನ್ನೆ ಭಾಷೆಯ ಕವಲಲ್ಲ, ಅಲೀಪುರದಲ್ಲೇ ಹುಟ್ಟಿದ ಬೇರೆ ಭಾಷೆ. ಊರವರು ಮನೆಯಲ್ಲಾಡುವ ಉರ್ದುವನ್ನು ಕೈಗೆ ಇಳಿಸಿದ್ದೂ ಅಲ್ಲ, ಪೇಟೆಯ ಕನ್ನಡವೂ ಅಲ್ಲ. ಇಲ್ಲಿ ಎಣಿಸುವ ಕ್ರಮವನ್ನು ಟರ್ಕಿಯ ಮಾರ್ದಿನ್, ಮೆಕ್ಸಿಕೋದ ಚಿಕಾನ್ ಎಂಬ ಕಡೆಯ ಕಿವುಡರ ಎಣಿಕೆಯೊಂದಿಗೆ ಇಟ್ಟು ನೋಡಿದ ಪಂಡಿತರು, ದೊಡ್ಡ ದೇಶಗಳ ಸನ್ನೆ ಭಾಷೆಗಳಲ್ಲಿ ಕಾಣದ ಲೆಕ್ಕದ ದಾರಿಗಳಿವೆ ಎಂದು 2013ರಲ್ಲಿ ಬರೆದರು.

ಬಾಯಿಮಾತು ಒಂದೇ ಇದ್ದಲ್ಲಿ ಕೈಮಾತೂ ಒಂದೇ ಇರುತ್ತದೆ ಅನ್ನುವುದೂ ಸುಳ್ಳು. ಇಂಗ್ಲೆಂಡಿಗೂ ಅಮೆರಿಕಕ್ಕೂ ಇಂಗ್ಲಿಷೇ ಬಾಯಿಮಾತು. ಅಲ್ಲಿಯ ಕಿವುಡರು ಎದುರೆದುರು ಕೂತರೆ ಒಬ್ಬರ ಮಾತು ಒಬ್ಬರಿಗೆ ತಿಳಿಯುವುದಿಲ್ಲ. ಎಬಿಸಿಡಿ ತೋರಿಸಲು ಇಂಗ್ಲೆಂಡಿನವರಿಗೆ ಎರಡು ಕೈ ಬೇಕು, ಅಮೆರಿಕದವರಿಗೆ ಒಂದು ಸಾಕು. ಇದರ ಹಿಂದೆ ಕಥೆಯಿದೆ. ಅಮೆರಿಕದ ಪಾದ್ರಿ ಥಾಮಸ್ ಗ್ಯಾಲಡೆಟ್ 1815ರಲ್ಲಿ ಕಿವುಡರಿಗೆ ಕಲಿಸುವ ವಿದ್ಯೆ ಅರಸಿ ಬ್ರಿಟನ್ನಿಗೆ ಹೋದರು. ಅಲ್ಲಿ ಆ ವಿದ್ಯೆಯನ್ನು ಒಂದು ಮನೆತನ ಗುಟ್ಟಾಗಿ ಇಟ್ಟುಕೊಂಡಿತ್ತು, ಸುಲಭವಾಗಿ ಬಿಟ್ಟುಕೊಡಲಿಲ್ಲ. ಗ್ಯಾಲಡೆಟ್ ಪ್ಯಾರಿಸ್ಸಿಗೆ ಹೋಗಿ ಲೊರಾಂ ಕ್ಲೆರ್ಕ್ ಎಂಬ ಕಿವುಡ ಮೇಷ್ಟ್ರನ್ನೇ ಕರೆತಂದು 1817ರಲ್ಲಿ ಹಾರ್ಟ್‌ಫರ್ಡ್‌ನಲ್ಲಿ ಶಾಲೆ ತೆಗೆದರು. ಹಾಗಾಗಿ ಅಮೆರಿಕದ ಕೈಮಾತು ಫ್ರಾನ್ಸಿನದಕ್ಕೆ ನೆಂಟ, ಇಂಗ್ಲೆಂಡಿನದಕ್ಕೆ ಪರಕೀಯ!

ಹೆಂಗಸು ಎನ್ನಲು ನಮ್ಮ ದೇಶದ ಸನ್ನೆ ಮೂಗುಬೊಟ್ಟಿನ ಜಾಗಕ್ಕೆ ಬೆರಳು ಮುಟ್ಟಿಸುವುದು. ಅಮೆರಿಕದಲ್ಲಿ ಗಲ್ಲ ಮುಟ್ಟಿ ಶುರು ಮಾಡುತ್ತಾರೆ. ಜಪಾನಿನಲ್ಲಿ ಕಿರುಬೆರಳು ಎತ್ತುತ್ತಾರೆ. ನಮ್ಮ ಸ್ಕೂಲುಗಳಲ್ಲಿ ಕಿರುಬೆರಳು ಎತ್ತಿದರೆ ಮೇಷ್ಟ್ರು ಎಲ್ಲಿಗೆ ಕಳಿಸುತ್ತಾರೆಂಬುದು ಓದುಗರಿಗೆ ಗೊತ್ತೇ ಇದೆ.

ವ್ಯಾಕರಣವೂ ಬೇರೆ. ಭಾರತೀಯ ಸನ್ನೆಯಲ್ಲಿ ಪ್ರಶ್ನೆ ಕೇಳುವ ಸನ್ನೆ ವಾಕ್ಯದ ಕೊನೆಗೆ ಬರುತ್ತದೆ. ಸ್ಥಳದ ಸನ್ನೆ ಮಾಡಿ ಅದನ್ನು ಸೇರಿಸಿದರೆ ‘ಎಲ್ಲಿ’, ಹೊತ್ತಿನ ಸನ್ನೆಗೆ ಸೇರಿಸಿದರೆ ‘ಯಾವಾಗ’. ಹೌದೋ ಅಲ್ಲವೋ ಎಂದು ಕೇಳಲು ಹುಬ್ಬೇ ಸಾಕು. ಬಾಯಿಮಾತಿನಲ್ಲಿ ಶಬ್ದಗಳು ಒಂದರ ಹಿಂದೊಂದು ಕ್ಯೂ ನಿಲ್ಲಬೇಕು. ಇಲ್ಲಿ ಕೈ, ಹುಬ್ಬು, ನೋಟ ಎಲ್ಲಾ ಒಟ್ಟಿಗೇ ಮಾತಾಡುತ್ತವೆ. ಇದೆಲ್ಲ ನಿಜವಾದ ಭಾಷೆಯೇ ಎಂದು ಅಮೆರಿಕದ ವಿಲಿಯಂ ಸ್ಟೋಕಿ 1960ರಲ್ಲಿ ಬರೆದು ತೋರಿಸಬೇಕಾಯಿತು. ಅದಕ್ಕೆ ಮೊದಲು 1880ರ ಮಿಲಾನ್ ಸಮ್ಮೇಳನದಲ್ಲಿ ಮೇಷ್ಟ್ರುಗಳೆಲ್ಲ ಸೇರಿ ಕಿವುಡರಿಗೆ ಬಾಯಿಮಾತೇ ಶ್ರೇಷ್ಠ ಎಂದು ಠರಾವು ಮಾಡಿದ್ದರು. ಎಷ್ಟೋ ದೇಶಗಳ ಶಾಲೆಗಳಿಂದ ಕೈಮಾತು ಹೊರಬಿತ್ತು. ಅದು ತಪ್ಪಾಯಿತೆಂದು ಅದೇ ಸಮ್ಮೇಳನ ವ್ಯಾಂಕೂವರಿನಲ್ಲಿ ಒಪ್ಪಿಕೊಂಡದ್ದು 2010ರಲ್ಲಿ. 130 ವರ್ಷ ಬೇಕಾಯಿತು.

ನಮ್ಮ ಸರ್ಕಾರ ತಡವಾಗಿಯಾದರೂ ಎದ್ದಿದೆ. 2015ರಲ್ಲಿ ದೆಹಲಿಯಲ್ಲಿ ಭಾರತೀಯ ಸನ್ನೆ ಭಾಷೆಗೊಂದು ಕೇಂದ್ರ ಆಯಿತು. 2018ರಲ್ಲಿ 3,000 ಪದಗಳ ನಿಘಂಟು ಬಂತು, 2021ರ ಹೊತ್ತಿಗೆ ಅದು 10,000 ಪದ ಮುಟ್ಟಿತು. 2020ರ ಶಿಕ್ಷಣ ನೀತಿ ದೇಶಕ್ಕೆಲ್ಲಾ ಒಂದೇ ಮಾದರಿ ಸನ್ನೆ ಭಾಷೆ ಆಗಲಿ ಎಂದಿದೆ. ಬೇಡವೆನ್ನುವಂತಿಲ್ಲ. ಶಾಲೆಗೆ, ಪರೀಕ್ಷೆಗೆ, ನೌಕರಿಗೆ ಅದು ಬೇಕೇ ಬೇಕು.

ಆದರೆ ಅಲೀಪುರದ ಪಾಡೇನು? ಹೊರಗೆ ಹೋಗಿ ಓದುವ ಹುಡುಗರು ಪಟ್ಟಣದ ಸನ್ನೆ ಹಿಡಿದು ಊರಿಗೆ ಬರುತ್ತಿದ್ದಾರೆ. ಹಳೇ ಮಾತು ಹಿರಿಯರ ಕೈಯಲ್ಲಿ ಉಳಿಯುತ್ತಿದೆ. ಕನ್ನಡ ಹೋಗುತ್ತೆ ಅಂತ ಬೀದಿಗಿಳಿಯುವ ನಾವು, ನಮ್ಮ ತಾಲ್ಲೂಕಿನಲ್ಲೇ ಹುಟ್ಟಿದ ಭಾಷೆಯೊಂದು ಸವೆಯುತ್ತಿದ್ದರೂ ಅದರ ಹೆಸರೇ ಕೇಳಿಲ್ಲ. ಅದರ ಬಗ್ಗೆ ಓದಲು ಇಂಗ್ಲಿಷ್ ಪುಸ್ತಕ ಹುಡುಕಬೇಕು.

ಸದ್ಯಕ್ಕೆ ಆಗಬೇಕಾದ ಕೆಲಸ ಸಣ್ಣದು. ಅಲೀಪುರದ ಹಿರಿಯ ಕಿವುಡರೊಬ್ಬರು ಆಸ್ಪತ್ರೆಗೋ ಪೊಲೀಸ್ ಠಾಣೆಗೋ ಬಂದರೆ, ಬೆಂಗಳೂರಿನ ದುಭಾಷಿಗೂ ಅವರ ಮಾತು ಪೂರಾ ತಿಳಿಯದು. ತಿಳಿಯುವವರು ಅವರ ಊರಲ್ಲೇ ಇದ್ದಾರೆ. ಕೈಮಾತು ಬಲ್ಲ ಊರವರ ಒಂದು ಪಟ್ಟಿ ತಾಲ್ಲೂಕು ಕಚೇರಿಯ ಗೋಡೆಗೆ ಅಂಟಿಸಿ, ಬೇಕಾದಾಗ ಕರೆಸಿ, ಬಸ್‌ಚಾರ್ಜು ಮತ್ತು ಒಂದು ದಿನದ ಕೂಲಿ ಕೊಟ್ಟರಾಯಿತು.