ಹೆತ್ತವರ ಸೇವೆ ಒಬ್ಬರ ಹೊರೆಯಲ್ಲ

ಕಳೆದ ಶ್ರಾವಣ ಮಾಸದಲ್ಲಿ ಪಾದಪೂಜೆಯ ನಿಮಿತ್ತ ನಾವು ಸದ್ಭಕ್ತರೊಬ್ಬರ ಮನೆಗೆ ಹೋಗಿದ್ದೆವು. ಮನೆಯ ಹಿರಿಯರಿಗೆ ಎಡಭಾಗಕ್ಕೆ ಲಕ್ವ ಹೊಡೆದು, ಹಾಸಿಗೆ ಹಿಡಿದು ವರ್ಷವಾಗಿತ್ತು. ಗಂಡುಮಕ್ಕಳು ಮೂವರು. ಆರೈಕೆ ಮಾತ್ರ ಕಿರಿಸೊಸೆಯೊಬ್ಬಳದೇ. ಹಿರಿಯರ ಬೆನ್ನಿಗೆ ಹುಣ್ಣಾಗಿತ್ತು. ಆ ತಾಯಿಯ ಕಣ್ಣಲ್ಲಿ ನಿದ್ರೆಯೇ ಇರಲಿಲ್ಲ. ಸಂಬಳ ಕೊಟ್ಟು ಆರೈಕೆ ಬಲ್ಲವರೊಬ್ಬರನ್ನು ಇಡಬಾರದೇ ಎಂದು ಕೇಳಿದೆವು.

"ಅಪ್ಪನ್ನ ಕೂಲಿಯವರ ಕೈಗೆ ಕೊಟ್ರ ಊರಾಗ ಹೆಂಗ ಮುಖ ತೋರಸೋದ್ರಿ ಅಜ್ಜಾರ?" ಎಂದ ಹಿರಿಯ ಮಗ.

ಮುಖ ಉಳಿಸಿಕೊಳ್ಳುವವನು ಇವನು, ರಾತ್ರಿಯೆಲ್ಲ ಎದ್ದಿರುವವಳು ಆಕೆ! ರೋಗಿಯ ಶುಶ್ರೂಷೆಯೂ ಕಾಯಕವೇ. ದುಡಿದ ಹಣದಲ್ಲಿ ತಂದೆಗಾಗಿ ಆ ಕಾಯಕದವರಿಗೆ ಸಂಬಳ ಕೊಟ್ಟರೆ ಅದು ದಾಸೋಹವೇ ಹೊರತು ಅವಮಾನವಲ್ಲ. ಹಾಸಿಗೆ ಹಿಡಿದವರನ್ನು ಎರಡು ಗಂಟೆಗೊಮ್ಮೆಯಾದರೂ ಮಗ್ಗುಲು ಬದಲಿಸಬೇಕು. ಮೈ ಒದ್ದೆಯಾಗಿ ಉಳಿಯಬಾರದು. ನುಂಗಲು ಕಷ್ಟಪಡುವವರಿಗೆ ಮಲಗಿಸಿಯೇ ಹಾಲು ಕುಡಿಸಿದರೆ ಅದು ಶ್ವಾಸಕೋಶಕ್ಕೆ ಇಳಿಯುವ ಅಪಾಯವುಂಟು. ಭಕ್ತಿಯೊಂದಿದ್ದರೆ ಇದೆಲ್ಲ ತಾನಾಗಿ ಬರುವುದಿಲ್ಲ. ಆಸ್ಪತ್ರೆಯಿಂದ ಮನೆಗೆ ಕರೆತರುವ ಮೊದಲೇ ದಾದಿಯರ ಬಳಿ ಕುಳಿತು ಕಲಿಯಬೇಕು, ಗಂಡಸರೂ ಕಲಿಯಬೇಕು.

ಹಿರಿಯರಿಗೂ ಒಂದು ಮಾತು. ಮಮತೆಯಿಂದ ಹೊಲಮನೆಯನ್ನೆಲ್ಲ ಬರೆದುಕೊಟ್ಟು ಕೈಬರಿದು ಮಾಡಿಕೊಳ್ಳಬೇಡಿ. ಕೊಡುವುದಾದರೆ ನಮ್ಮನ್ನು ನೋಡಿಕೊಳ್ಳಬೇಕೆಂಬ ಷರತ್ತನ್ನು ಪತ್ರದಲ್ಲಿಯೇ ಸ್ಪಷ್ಟವಾಗಿ ಬರೆಸಿರಿ. ಮಕ್ಕಳು ಮಾತಿಗೆ ತಪ್ಪಿದರೆ 2007ರ ಪಾಲಕರ ಪೋಷಣೆಯ ಕಾಯ್ದೆಯಂತೆ ಉಪವಿಭಾಗಾಧಿಕಾರಿಗಳಲ್ಲಿ ಅರ್ಜಿ ಹಾಕಿ ಆ ಪತ್ರ ರದ್ದುಮಾಡಿಸಲು ಅವಕಾಶವಿದೆ. ಹಿರಿಯ ನಾಗರಿಕರ ಸಹಾಯವಾಣಿ 14567ಕ್ಕೆ ದೂರವಾಣಿ ಮಾಡಿದರೆ ದಾರಿ ತಿಳಿಸುತ್ತಾರೆ.

ಆದರೆ ಸಂಬಳದವರಿಗೆ ಒಪ್ಪಿಸಲಾಗದ್ದೂ ಒಂದುಂಟು. ಹೊರಡುವಾಗ ಆ ಹಿರಿಯರು ನಮ್ಮನ್ನು ಹತ್ತಿರ ಕರೆದು, ಎಡಗೈ ಬಿದ್ದ ದಿನದಿಂದ ಲಿಂಗಪೂಜೆ ನಿಂತುಹೋಗಿದೆ ಎಂದು ಕಣ್ಣೀರಿಟ್ಟರು. ವರ್ಷದಿಂದ ಮನೆಯಲ್ಲಿ ಯಾರೂ ಅದನ್ನು ಕೇಳಿರಲಿಲ್ಲ. ಹಿರಿಯ ಮಗನಿಗೆ ಕೈಕಾಲು ತೊಳೆದು ವಿಭೂತಿ ಧರಿಸಿ ಬರಹೇಳಿದೆವು. ತಂದೆಯ ಅಂಗೈಯ ಕೆಳಗೆ ತನ್ನ ಅಂಗೈ ಹಿಡಿದು ಅವನು ಕುಳಿತ. ಇಷ್ಟಲಿಂಗ ಕರಸ್ಥಲಕ್ಕೆ ಬಂದಿತು. ತಂದೆ ಬಲಗೈಯಿಂದ ಪತ್ರೆ ಏರಿಸಿದರು. ಮಗ ತಲೆ ಎತ್ತಲಿಲ್ಲ.

ದೀಪಾವಳಿಗೆ ಅವರು ಮಠಕ್ಕೆ ಬಂದಿದ್ದರು. ಹಗಲಿಗೆ ತರಬೇತಾದ ಒಬ್ಬ ಹೆಣ್ಣುಮಗಳು ಬರುತ್ತಾಳಂತೆ, ಸಂಬಳ ಮೂವರೂ ಹಂಚಿಕೊಂಡಿದ್ದಾರೆ. ರಾತ್ರಿ ಅಣ್ಣತಮ್ಮಂದಿರ ಸರದಿ. ಹುಣ್ಣು ಮಾಯುತ್ತಿದೆ. ಕಿರಿಸೊಸೆ ನಾಲ್ಕು ದಿನ ತವರಿಗೆ ಹೋಗಿಬಂದಳಂತೆ.