ಪಾಟಿಚೀಲದಲ್ಲಿ ಉಳಿದ ಗಡಿನಾಡು

ಆಟಿಕೆ, ಆಟದ ಸಲಕರಣೆ ಮತ್ತು ಶಾಲೆಯ ಸಾಮಗ್ರಿಗಳನ್ನು ಚರಿತ್ರೆಯ ದಾಖಲೆಗಳೆಂದು ಗಣಿಸಿ ಕಾಪಿಡುವ ವಸ್ತುಸಂಗ್ರಹಾಲಯಗಳು ಬಹಳ ತಡವಾಗಿ ಹುಟ್ಟಿದಂಥವು. ಖಡ್ಗಕ್ಕೂ ನಾಣ್ಯಕ್ಕೂ ಸಿಕ್ಕ ಮನ್ನಣೆ ಬುಗುರಿಗೂ ಬಳಪಕ್ಕೂ ಸಿಗಲು ಇಪ್ಪತ್ತನೆಯ ಶತಮಾನದ ನಡುಭಾಗ ಬರಬೇಕಾಯಿತು: ಬಾಲ್ಯಕ್ಕೆಂದೇ ಮೀಸಲಾದ ಸಂಗ್ರಹಾಲಯ ಎಡಿನ್‌ಬರೊದಲ್ಲಿ ತೆರೆದದ್ದು 1955ರಲ್ಲಿ, ದೆಹಲಿಯಲ್ಲಿ ವ್ಯಂಗ್ಯಚಿತ್ರಕಾರ ಶಂಕರ್ ಅವರ ಗೊಂಬೆಗಳ ಸಂಗ್ರಹಾಲಯ ತೆರೆದದ್ದು 1965ರಲ್ಲಿ. ಇಂಥದೊಂದು ಸಂಗ್ರಹ ಸಾಂಗಲಿ–ಮಿರಜ ಸೀಮೆಯಲ್ಲಿ ರೂಪುಗೊಂಡರೆ ಅದು ಬಾಲ್ಯದ ನೆನಪಿನ ಜೊತೆಗೆ ಕನ್ನಡ–ಮರಾಠಿಗಳ ಸಹವಾಸದ ಸಾಕ್ಷ್ಯವೂ ಆಗುತ್ತದೆ. ಏಕೆಂದರೆ ಈ ಸಹವಾಸವನ್ನು ದೊಡ್ಡವರ ಕಾಗದಪತ್ರಗಳಿಗಿಂತ ಮಕ್ಕಳ ಆಟಪಾಠಗಳೇ ಹೆಚ್ಚು ನಿಷ್ಠೆಯಿಂದ ಹಿಡಿದಿಟ್ಟಿವೆ.

ಒಂದಕ್ಕೊಂದು ಸುಮಾರು ಹತ್ತು ಕಿಲೋಮೀಟರ್ ದೂರದಲ್ಲಿರುವ ಈ ಎರಡೂ ಊರುಗಳನ್ನು ಪಟವರ್ಧನ ಮನೆತನದವರು ಆಳುತ್ತಿದ್ದರು. 1801ರಲ್ಲಿ ಚಿಂತಾಮಣರಾವ್ ಪಟವರ್ಧನರು ಮಿರಜದಿಂದ ಬೇರೆಯಾಗಿ ಸಾಂಗಲಿಯನ್ನು ರಾಜಧಾನಿ ಮಾಡಿಕೊಂಡರು. ಸಾಂಗಲಿ ಸಂಸ್ಥಾನದ ನೆಲ ಒಂದೇ ಕಡೆ ಇರದೆ ತುಣುಕು ತುಣುಕಾಗಿ ಹರಡಿತ್ತು. ಇಂದು ಕರ್ನಾಟಕದಲ್ಲಿರುವ ತೇರದಾಳ, ರಬಕವಿ, ಶಿರಹಟ್ಟಿ ಮತ್ತು ಬೆಳಗಾವಿಗೆ ಹತ್ತಿಕೊಂಡ ಶಹಾಪುರ ಆಗ ಅದಕ್ಕೇ ಸೇರಿದ್ದವು. 1948ರಲ್ಲಿ ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು, ಮುಂದೆ ರಾಜ್ಯಗಳ ಗಡಿಗಳು ಬಿದ್ದವು. ಆದರೂ ಸಾಂಗಲಿ ಜಿಲ್ಲೆಯ ಜತ್ತ ತಾಲೂಕಿನ ಊರೂರುಗಳಲ್ಲಿ ಕನ್ನಡ ಇಂದಿಗೂ ಮನೆಮಾತು.

ಇಂಥ ಸಂಗ್ರಹದಲ್ಲಿ ಮೊದಲ ಮಣೆ ಹಾಕಬೇಕಾದದ್ದು ಚಿಣ್ಣಿದಾಂಡಿಗೆ. ಎರಡೂ ತುದಿ ಚೂಪಾಗಿ ಕೆತ್ತಿದ ಗಿಡ್ಡ ಕೋಲನ್ನು ಉದ್ದ ಕೋಲಿನಿಂದ ಚಿಮ್ಮಿಸಿ ಹೊಡೆದು, ಅದು ಬಿದ್ದ ದೂರವನ್ನು ದಾಂಡಿನಿಂದ ಅಳೆಯುವ ಈ ಆಟಕ್ಕೆ ಮರಾಠಿಯಲ್ಲಿ ವಿಟಿದಾಂಡು ಎಂದು ಹೆಸರು. ಮರಾಠಿಯ ಎಣಿಕೆ ಏಕ, ದೋನ, ತೀನ, ಚಾರ ಎಂದಿದ್ದರೂ ಮರಾಠಿ ಹುಡುಗರು ದಾಂಡು ಹಿಡಿದು ಅಳೆಯುವಾಗ ‘ವಕಟ, ಲೇಂಡ, ಮೂಂಡ, ನಾಲ’ ಎಂದು ಎಣಿಸುತ್ತಾ ಬಂದಿದ್ದಾರೆ, ಮತ್ತು ಎಣಿಕೆ ಯಾವ ಪದಕ್ಕೆ ನಿಲ್ಲುತ್ತದೋ ಅದಕ್ಕೆ ತಕ್ಕಂತೆ ಮುಂದಿನ ಹೊಡೆತದ ಬಗೆ ಬದಲಾಗುತ್ತದೆ. ತೆಲುಗಿನ ಒಕಟಿ, ರೆಂಡು, ಮೂಡು, ಕನ್ನಡದ ನಾಲ್ಕು ಇವುಗಳ ಪಕ್ಕದಲ್ಲಿಟ್ಟು ನೋಡಿದರೆ ಈ ಪದಗಳ ಕುಲ ತಾನಾಗಿ ತಿಳಿಯುತ್ತದೆ: ಇವು ದ್ರಾವಿಡ ಭಾಷೆಗಳ ಸಂಖ್ಯಾವಾಚಕಗಳು. ಮರಾಠಿ ಸಂಸ್ಕೃತಿಯ ಬುಡದಲ್ಲಿ ಕನ್ನಡದ ಬೇರುಗಳನ್ನು ಅರಸಿದ ಶಂ.ಬಾ. ಜೋಶಿಯವರಂಥ ವಿದ್ವಾಂಸರು ಊರ ಹೆಸರು, ದೈವ, ಕುಲಗಳ ಮೂಲಕ ಹಿಡಿದ ಜಾಡನ್ನೇ ಮಕ್ಕಳ ಆಟವೊಂದು ಅರ್ಥದ ಅರಿವಿಲ್ಲದೆ ಬಾಯಲ್ಲಿ ಉಳಿಸಿಕೊಂಡಿರುವುದು ನಿಜಕ್ಕೂ ಬೆರಗಿನ ಸಂಗತಿ. ಇದನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟ ಎರಡು ಕೋಲುಗಳು ಹೇಳಲಾರವು; ಆಡುವವರ ಎಣಿಕೆಯ ದನಿಯೂ ಅಲ್ಲಿ ಕೇಳಿಸಬೇಕು. ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನವು ‘ಕ್ರೀಡಾ ಕೌಶಲ್ಯ’ ಎಂಬ ಪ್ರದರ್ಶನಗಳ ಮೂಲಕ ಹಳೆಯ ಮಣೆಯಾಟಗಳನ್ನು ಮತ್ತೆ ಜನರ ಕೈಗೆ ತಂದ ರೀತಿ ಇದಕ್ಕೆ ಒಳ್ಳೆಯ ಮಾದರಿ.

ಗಜ್ಜುಗದ ಬೀಜಗಳನ್ನು ಮೇಲೆ ಹಾರಿಸಿ ಹಿಡಿಯುವ ಹೆಣ್ಣುಮಕ್ಕಳ ಆಟಕ್ಕೆ ಮರಾಠಿಯಲ್ಲಿ ಸಾಗರಗೋಟೆ ಎನ್ನುತ್ತಾರೆ. ಹೆಸರು ಬೇರೆ, ಬೀಜ ಅದೇ. ಚದುರಂಗಕ್ಕೆ, ಅಂದರೆ ಮರಾಠಿಯ ಬುದ್ಧಿಬಳಕ್ಕೆ, ಸಾಂಗಲಿಯಲ್ಲಿ ಪ್ರತ್ಯೇಕ ಸ್ಥಾನವೇ ಇದೆ. ಭಾವುಸಾಹೇಬ ಪಡಸಲಗೀಕರರು 1941ರಲ್ಲಿ ಅಲ್ಲಿ ಸ್ಥಾಪಿಸಿದ ನೂತನ ಬುದ್ಧಿಬಳ ಮಂಡಳವು ಈ ಆಟವನ್ನು ಪಡಸಾಲೆಯಿಂದ ಸ್ಪರ್ಧೆಯ ಅಂಗಳಕ್ಕೆ ತಂದಿತು, ಮಹಿಳಾ ಗ್ರ್ಯಾಂಡ್‌ಮಾಸ್ಟರ್ ಸ್ವಾತಿ ಘಾಟೆ ಇದೇ ಊರಿನವರು.

ಶಾಲೆಯ ವಿಭಾಗ ಇನ್ನೂ ಸಮೃದ್ಧವಾದೀತು. ಸ್ಲೇಟಿಗೆ ಉತ್ತರ ಕರ್ನಾಟಕದವರು ಬಳಸುವ ‘ಪಾಟಿ’ ಎಂಬ ಮಾತು ಮರಾಠಿಯದೂ ಹೌದು. ಅದನ್ನಿಡುವ ಪಾಟಿಚೀಲ ಕನ್ನಡಿಗರಿಗೆ ಇಂದಿಗೂ ಶಾಲೆಯ ಚೀಲದ ಹೆಸರಾಗಿ ಉಳಿದಿದೆ. ಕಲ್ಲಿನ ಪಾಟಿ ಬರುವ ಮುಂಚೆ ಹಲಗೆಯ ಮೇಲೆ ಧೂಳು ಹರಡಿ ಬೆರಳಿನಿಂದ ಅಕ್ಷರ ತೀಡಿಸುತ್ತಿದ್ದರು, ಅದು ಧೂಳಪಾಟಿ. ಪಂತೋಜಿ, ಅಂದರೆ ಹಳೆಯ ಕಾಲದ ಮೇಷ್ಟ್ರು, ಕೈಬರಹವನ್ನು ವೇಗವಾಗಿಸಲು ಮೋಡಿ ಲಿಪಿ ಕಲಿಸುತ್ತಿದ್ದರು, ಜೊತೆಗೆ ಭಿನ್ನರಾಶಿಯ ಮಗ್ಗಿಗಳನ್ನು ಬಾಯಿಪಾಠ ಮಾಡಿಸುತ್ತಿದ್ದರು: ಪಾವಕಿ ಎಂದರೆ ಕಾಲರ ಮಗ್ಗಿ, ಸವಾಯಕಿ ಎಂದರೆ ಒಂದೂಕಾಲರದ್ದು, ದಿಡಕಿ ಒಂದೂವರೆಯದ್ದು, ಔಟಕಿ ಮೂರೂವರೆಯದ್ದು. ರೂಪಾಯಿಗೆ ಹದಿನಾರಾಣೆ, ಮಣಕ್ಕೆ ನಲವತ್ತು ಸೇರು ಎಂಬ ಲೆಕ್ಕದ ಜಗತ್ತಿನಲ್ಲಿ ಅಂಗಡಿಯ ಗಲ್ಲೆಯ ಮುಂದೆ ಕೂರುವವನಿಗೆ ಇದು ಅನ್ನದ ವಿದ್ಯೆಯಾಗಿತ್ತು; 1957ರಲ್ಲಿ ದಶಮಾಂಶ ನಾಣ್ಯ, ಅದರ ಬೆನ್ನಿಗೆ ಮೆಟ್ರಿಕ್ ತೂಕ ಬಂದ ಮೇಲೆ ಆ ಮಗ್ಗಿಗಳು ತರಗತಿಯಿಂದ ಹೊರಬಿದ್ದವು. ಸಂತೆಯ ಕನ್ನಡದಲ್ಲಿ ಮಾತ್ರ ದೀಡ, ಅಡೀಚ ಎಂಬ ಮಾತುಗಳು ಉಳಿದುಕೊಂಡಿವೆ.

ಈ ಸಾಲಿನ ಕೊನೆಯ ವಸ್ತು ಇನ್ನೂ ಬಳಕೆಯಲ್ಲಿದೆ. 1967ರಲ್ಲಿ ಪುಣೆಯಲ್ಲಿ ಆರಂಭವಾದ, ಬಾಲಭಾರತಿ ಎಂದೇ ಹೆಸರಾದ ಮಹಾರಾಷ್ಟ್ರದ ಪಠ್ಯಪುಸ್ತಕ ಮಂಡಳಿ ಕನ್ನಡದಲ್ಲಿಯೂ ಪಠ್ಯಗಳನ್ನು ಪ್ರಕಟಿಸುತ್ತದೆ. ಜತ್ತದ ಕನ್ನಡ ಶಾಲೆಗಳ ಮಕ್ಕಳು ಓದುವುದು ಅವನ್ನೇ. ಪುಣೆಯಲ್ಲಿ ಸಿದ್ಧವಾಗುವ ಕನ್ನಡ ಪುಸ್ತಕ ಗಡಿನಾಡಿನ ಬದುಕಿನ ಅಪರೂಪದ ದಾಖಲೆಯಾದರೂ ಪಠ್ಯಕ್ರಮ ಬದಲಾದ ವರ್ಷವೇ ಹಳೆಯ ಪ್ರತಿಗಳು ರದ್ದಿಗೆ ಹೋಗಿ ತೂಕಕ್ಕೆ ಬೀಳುತ್ತವೆ. ಸಂಗ್ರಹಕ್ಕೆ ಮನಸ್ಸು ಮಾಡುವವರು ಅರಮನೆಯ ಪೆಟ್ಟಿಗೆಗಳಿಗಿಂತ ಮೊದಲು ಹುಡುಕಬೇಕಾದದ್ದು ಆ ರದ್ದಿ ಅಂಗಡಿಗಳನ್ನು.