ಅರಸನ ಕೈ, ಸಭೆಯ ಮನಸ್ಸಾಕ್ಷಿ

ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯ ಸಭಾಪಾಲಕರು ಪ್ರಾರ್ಥನಾಕೂಟಕ್ಕೆ ರಕ್ಷಣೆ ಕೋರಿ ಅಧಿಕಾರಿಗಳಿಗೆ ಮನವಿ ಬರೆಯಬೇಕಾಗಿ ಬಂದರೆ, ಅವರು ಬೇಡುವುದು ಕೃಪೆಯನ್ನೋ, ಹಕ್ಕನ್ನೋ?

ಈ ಪ್ರಶ್ನೆಗೆ ನಮ್ಮ ನೆರೆಯಲ್ಲಿಯೇ ಹಳೆಯದೊಂದು ಸಾಕ್ಷಿಯಿದೆ. 1368ರಲ್ಲಿ ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ ಮೊದಲಾದ ಕಡೆಗಳ ಜೈನರು, ಶ್ರೀವೈಷ್ಣವರಿಂದ ತಮಗೆ ಅನ್ಯಾಯವಾಗುತ್ತಿದೆಯೆಂದು ವಿಜಯನಗರದ ಬುಕ್ಕರಾಯನಲ್ಲಿ ಬಿನ್ನವಿಸಿಕೊಂಡರು. ಶ್ರವಣಬೆಳಗೊಳದ ಶಾಸನವು ಹೇಳುವಂತೆ, ಇಂದು ಮಂಡ್ಯ ಜಿಲ್ಲೆಗೆ ಸೇರಿರುವ ಮೇಲುಕೋಟೆಯೂ ಸೇರಿದಂತೆ ಹಲವು ಕ್ಷೇತ್ರಗಳ ಶ್ರೀವೈಷ್ಣವರ ಕೈಯಲ್ಲಿ ಅರಸನು ಜೈನರ ಕೈಯನ್ನಿಟ್ಟು, ಎರಡು ದರ್ಶನಗಳಿಗೂ ಭೇದವಿಲ್ಲವೆಂದನು. ಜೈನರಿಗೆ ಹಿಂದಿನಂತೆ ಪಂಚಮಹಾವಾದ್ಯವೂ ಕಲಶವೂ ಸಲ್ಲಬೇಕು. ಜೈನರ ಮನೆಮನೆಯಿಂದ ವರ್ಷಕ್ಕೊಂದು ಹಣವನ್ನು ತಿರುಮಲೆಯ ತಾತಯ್ಯನು ಎತ್ತಿ, ಬೆಳಗೊಳದ ದೇವರಿಗೆ 20 ಮಂದಿ ಕಾವಲಿನವರನ್ನಿಟ್ಟು, ಮಿಕ್ಕ ಹಣದಿಂದ ಜೀರ್ಣ ಜಿನಾಲಯಗಳಿಗೆ ಸುಣ್ಣ ಬಳಿಸಬೇಕು. ದೂರಿಗೆ ಗುರಿಯಾದವರಿಗೇ ಕಾವಲಿನ ಹೊಣೆ! ಅದರ ವೆಚ್ಚ ಮಾತ್ರ ಜೈನರದೇ.

ಯಾವ ದರ್ಶನ ಸತ್ಯವೆಂದು ಅರಸನು ತೀರ್ಪು ಕೊಡಲಿಲ್ಲ. ವಾದ್ಯ, ಕಲಶ, ಕಾವಲು, ಸುಣ್ಣ, ಇಷ್ಟರಲ್ಲಿಯೇ ನಿಂತನು. ಇದು ವಿವೇಕವೆಂದೇ ನಮ್ಮ ಎಣಿಕೆ. ಆದರೆ ಜೈನರ ಭದ್ರತೆಯು ಅರಸನ ಕೈಯಲ್ಲಿಯೇ ಉಳಿಯಿತು.

ಅಂಥ ಕೈ ಎಷ್ಟು ಬೇಗ ತಿರುಗಬಲ್ಲುದೆಂಬುದಕ್ಕೆ ನೆದರ್ಲೆಂಡಿನ ಸುಧಾರಿತ ಸಭೆಯ ಚರಿತ್ರೆಯನ್ನು ನೋಡಬೇಕು. ಧರ್ಮದ ಕಾರಣ ಯಾರನ್ನೂ ಹಿಂಸಿಸಬಾರದೆಂದು 1579ರ ಉಟ್ರೆಕ್ಟ್ ಒಕ್ಕೂಟದ 13ನೆಯ ವಿಧಿಯು ಹೇಳಿತ್ತು. ಪೂರ್ವನಿರ್ಣಯದ ಕುರಿತು ಭಿನ್ನಮತ ತಳೆದ ಅರ್ಮೀನಿಯಸನ ಅನುಯಾಯಿಗಳು 1610ರಲ್ಲಿ ಹಾಲೆಂಡಿನ ಪ್ರಾಂತಸಭೆಗೆ ಮನವಿ ಸಲ್ಲಿಸಿದರು. ಸಭೆಯ ಮೇಲೆ ಕ್ರೈಸ್ತ ಅಧಿಪತಿಗೆ ಅಧಿಕಾರವುಂಟೆಂದು ಅವರ ಮುಂದಾಳು ಊಟೆನ್‌ಬೋಗಾರ್ಟನು ವಾದಿಸಿದನು. ಆಗ ಅಧಿಪತಿಗಳು ಅವರ ಪರವಾಗಿದ್ದರು. 1618ರಲ್ಲಿ ರಾಜಕುಮಾರ ಮೌರಿಟ್ಸನು ಅಧಿಕಾರವನ್ನು ಕೈಗೆ ತೆಗೆದುಕೊಂಡನು. ಸರಕಾರವೇ ಕರೆದ ಡಾರ್ಟ್ ಸಿನೋಡ್ ಅವರ ಬೋಧೆಯನ್ನು ಖಂಡಿಸಿತು. ಸುಮಾರು 200 ಬೋಧಕರು ಪದಚ್ಯುತರಾದರು. ಅವರ ಪೋಷಕ ಓಲ್ಡನ್‌ಬಾರ್ನೆವೆಲ್ಟನಿಗೆ 1619ರ ಮೇ 13ರಂದು ಶಿರಚ್ಛೇದವಾಯಿತು. ಡಾರ್ಟಿನ ಸಿದ್ಧಾಂತಸೂತ್ರಗಳನ್ನು ಓದುವಾಗ ನಾವು ಈ ಭಾಗವನ್ನು ಬೇಗನೆ ದಾಟಿಬಿಡುವುದುಂಟು.

ನಮ್ಮ ಸಂವಿಧಾನದ 25ನೆಯ ವಿಧಿಯು ಮನಸ್ಸಾಕ್ಷಿಯ ಸ್ವಾತಂತ್ರ್ಯವನ್ನು ಹಕ್ಕೆಂದೇ ಬರೆದಿದೆ. ಆದರೂ 2022ರ ಕರ್ನಾಟಕದ ಕಾಯಿದೆಯು, ಮತಾಂತರಗೊಳ್ಳುವವರೂ ಅದನ್ನು ನಡೆಸಿಕೊಡುವವರೂ 30 ದಿನ ಮುಂಚೆ ಜಿಲ್ಲಾಧಿಕಾರಿಗೆ ತಿಳಿಸಬೇಕೆಂದು ವಿಧಿಸಿತು. 2023ರ ಜೂನಿನಲ್ಲಿ ಹೊಸ ಸಚಿವಸಂಪುಟವು ಅದನ್ನು ರದ್ದುಮಾಡಲು ತೀರ್ಮಾನಿಸಿತು. ಒಂದು ಕೈ ಬರೆದುದನ್ನು ಇನ್ನೊಂದು ಕೈ ಅಳಿಸಬಹುದು, ಮತ್ತೊಂದು ತಿರುಗಿ ಬರೆಯಬಹುದು. ಆದಕಾರಣ ಮನವಿಪತ್ರದಲ್ಲಿ ‘ಕೃಪೆದೋರಿ’ ಎಂಬುದಕ್ಕೆ ಬದಲಾಗಿ 25ನೆಯ ವಿಧಿಯನ್ನು ನಮೂದಿಸುವುದು ಯುಕ್ತ. ನಾವು ಒಪ್ಪದ ಬೋಧೆಯ ಪಂಗಡವೊಂದು ಅದೇ ರಕ್ಷಣೆಯನ್ನು ಕೇಳಿದರೆ, ಆ ಮನವಿಗೂ ನಾವು ಸಹಿ ಹಾಕಬೇಕಾಗುತ್ತದೆ.